ಸ್ವಿಚ್ ಆಫ್ ಮಾಡಿದ್ರೂ ಓವನ್ ಮುಟ್ಟಿದ್ರೆ ಜುಮ್ ಅಂತಿದೆ. ಅಡುಗೆಮನೆಗೆ ಯಾವ ಸ್ವಿಚ್ಚು, ಎಲ್ಲಿ ಹಾಕಿಸಬೇಕು?

ಏಲಕ್ಕಿಮನೆ, ನಾಪೋಕ್ಲು

ಉದ್ದ ಇದೆ, ಕ್ಷಮಿಸಿ. ಅರ್ಧ ಹೇಳಿದ್ರೆ ಅರ್ಧ ಉತ್ತರ ಬರುತ್ತೆ ಅಂತ ಎಲ್ಲಾ ಬರೀತಿದ್ದೀನಿ.

ನಮ್ಮದು ನಾಪೋಕ್ಲು ಕಡೆ ತೋಟದ ಮನೆ. ಹಂಚಿನ ಹಳೇ ಮನೆ, ಮೂರು ಫೇಸಿನ ಮೀಟರು. ಎರಡು ರೂಮು ಹೋಂಸ್ಟೇಗೆ ಕೊಡ್ತೀವಿ. ಬಂದವರಿಗೆಲ್ಲ ಸೌದೆ ಒಲೆಯಲ್ಲೇ ನೂಪುಟ್ಟು, ಕಡಂಬುಟ್ಟು ಬೇಯಿಸಿ ಕಣ್ಣು ಉರಿದು ಸಾಕಾಗಿ, ಹೋದ ವರ್ಷ ಹಿಂದಿನ ಸೌದೆ ಕೊಟ್ಟಿಗೆ ಒಡೆಸಿ ಹೊಸ ಅಡುಗೆಮನೆ ಮಾಡಿಸಿದೆ. ಚಿಮಣಿ, ಕಪಾಟಿನೊಳಗೆ ಕೂರೋ ಓವನ್, ಪಾತ್ರೆ ತೊಳೆಯೋ ಮಿಷನ್, ಇಂಡಕ್ಷನ್ ಒಲೆ, ಫ್ರಿಜ್ಜು, ಮಿಕ್ಸಿ, ಗ್ರೈಂಡರ್. ಕಪಾಟು ಮಾಡಿದವರು ಒಂದು ವೈರೂ ಕಣ್ಣಿಗೆ ಬೀಳದ ಹಾಗೆ ಮುಚ್ಚಿಕೊಟ್ಟರು. ಆಗ ಅದೇ ದೊಡ್ಡ ಚೆಂದ ಅನ್ನಿಸಿತ್ತು.

ತೊಂದರೆ ಮೂರು.

ಒಂದು, ಜೂನ್ ಕೊನೆಯಲ್ಲಿ ಪಾತ್ರೆ ಮಿಷನ್ ಹಿಂದಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮಿಷನ್ನಿನ ಬಟನ್ ಒತ್ತಿ ನಿಲ್ಲಿಸಿದೆ, ವಾಸನೆ ನಿಲ್ಲಲಿಲ್ಲ. ಅದರ ಸ್ವಿಚ್ಚು ಎಲ್ಲಿದೆ ಅಂತ ಹುಡುಕಿದ್ರೆ ಕಪಾಟಿನ ಹಿಂದೆ! ಮೇನ್ ಬೋರ್ಡು ಹಳೇ ಮನೆಯ ಜಗಲಿಯಲ್ಲಿ. ಆ ಮಳೆಯಲ್ಲಿ ಕೊಡೆ ಹುಡುಕೋ ಪುರುಸೊತ್ತಿಲ್ಲದೆ ಅಂಗಳ ದಾಟಿ ಓಡಿ ಹೋಗಿ ಇಳಿಸಿದೆ. ಆಮೇಲೆ ಯಜಮಾನರು ಪಕ್ಕದ ಡ್ರಾಯರ್ ಕಿತ್ತು, ತೋಳು ಹೆಗಲವರೆಗೂ ತೂರಿಸಿ ಸ್ವಿಚ್ ಆಫ್ ಮಾಡಿದರು. ಪ್ಲಗ್ಗು ಇನ್ನೂ ಒಳಗಿದೆ, ಕೈಗೆ ಸಿಗಲಿಲ್ಲ. ಅವತ್ತಿಂದ ಆ ಮಿಷನ್ ಮುಟ್ಟಿಲ್ಲ.

ಎರಡು, ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ ಸ್ವಿಚ್ಚು) ಸುಮ್ಮಸುಮ್ಮನೆ ಬೀಳುತ್ತೆ. ಬೆಳಿಗ್ಗೆ ಗ್ರೈಂಡರು, ಇಂಡಕ್ಷನ್ನು, ರೂಮಿನವರ ಗೀಸರು ಎಲ್ಲ ಒಟ್ಟಿಗೆ ಓಡುವಾಗ ಜಾಸ್ತಿ. ಕೈಲ್‌ಪೊಳ್ದ್‌ ಹಬ್ಬಕ್ಕೆ ಅಂತ ಆರು ಕೆ.ಜಿ. ಹಂದಿ ಮಾಂಸ ತಂದು ಫ್ರೀಜರಿಗೆ ಹಾಕಿ, ಎರಡು ದಿನಕ್ಕೆ ವಿರಾಜಪೇಟೆ ತವರಿಗೆ ಹೋಗಿದ್ದೆ. ಮನೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಆದರೂ ಬಿದ್ದಿದೆ. ಬಂದು ಬಾಗಿಲು ತೆಗೆದಾಗ ಬಂದ ವಾಸನೆಯನ್ನು ಇಲ್ಲಿ ಬರೆಯೋದು ಬೇಡ.

ಮೂರನೇದು ಹೆದರಿಕೆ ಹುಟ್ಟಿಸಿದ್ದು. ಅತ್ತೆ ಒಂದು ಕೈ ಸಿಂಕಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಓವನ್ ಹಿಡಿ ಒರೆಸ್ತಿದ್ದವರು "ಅಯ್ಯೋ" ಅಂತ ಕೈ ಎಳ್ಕೊಂಡ್ರು. ನಾನೂ ಮುಟ್ಟಿ ನೋಡಿದೆ, ಜುಮ್ ಅಂತು. ಓವನ್ ಸ್ವಿಚ್ ಪಕ್ಕದ ಗೋಡೆಯಲ್ಲೇ ಇದೆ, ಆಫ್ ಆಗಿತ್ತು. ಕಣ್ಣಾರೆ ನೋಡಿದೀನಿ. ಆಫ್ ಇದ್ದಾಗ ಕರೆಂಟ್ ಬರೋದು ಹೇಗೆ?

ವೈರಿಂಗ್ ಮಾಡಿದ ಹುಡುಗನನ್ನು ಕರೆಸಿದ್ರೆ, "ಅಕ್ಕಾ, ಮಳೆಗಾಲ ಅಲ್ವಾ, ಥಂಡಿಗೆ ಹಾಗೇ. ಆರ್‌ಸಿಸಿಬಿ ಸೂಕ್ಷ್ಮ ಜಾಸ್ತಿ ಆಯ್ತು, 30 ಮಿಲಿಆಂಪಿಂದು ತೆಗೆದು 100ರದ್ದು ಹಾಕೋಣ" ಅಂತಾನೆ. ನಂಗೆ ಸರಿ ಕಾಣ್ತಿಲ್ಲ. ಒಂದೊಂದು ಮಿಷನ್ನಿಗೂ ಕೈಗೆ ಸಿಗೋ ಹಾಗೆ ಒಂದೊಂದು ಸ್ವಿಚ್ ಹಾಕಿಸೋಣ ಅಂತ ನನ್ನ ಯೋಚನೆ. ಯಾವ ಥರದ್ದು, ಎಷ್ಟು ಆಂಪಿಂದು, ತಿಳಿದವರು ಹೇಳಿ.

---

ಘಾಟಿರಸ್ತೆ, ಸಂಪಾಜೆ

ಮಾರಾಯ್ರೆ, ನಮ್ಮಲ್ಲೂ ಮಳೆಗಾಲಕ್ಕೆ ಇದೇ ಗೋಳು ಇತ್ತು. ಕೊನೆಗೆ ಆ ಆರ್‌ಸಿಸಿಬಿಯನ್ನೇ ತೆಗೆಸಿ ಬಿಟ್ಟೆ. ಲೋಡು ಜಾಸ್ತಿಯಾದ್ರೆ ಬೀಳುವ ಎಂಸಿಬಿ ಉಂಟಲ್ಲ, ಸಾಕು. ಎರಡು ವರ್ಷ ಆಯ್ತು, ಏನೂ ಆಗ್ಲಿಲ್ಲ.

---

ಹಳೇ ವೈರ್‌ಮನ್, ಗೋಣಿಕೊಪ್ಪ

ಅಕ್ಕ, ಮೊದಲು ಜಗಲಿಗೆ ಹೋಗಿ ಓವನ್ ಲೈನಿನ ಎಂಸಿಬಿ ಇಳಿಸಿ ಬನ್ನಿ. ಆಮೇಲೆ ಮುಂದೆ ಓದಿ. ಗೋಡೆಯ ಸ್ವಿಚ್ಚನ್ನು ನಂಬಬೇಡಿ.

ಸಂಪಾಜೆಯವರೇ, ಎಂಸಿಬಿ ಇರೋದು ಗೋಡೆಯೊಳಗಿನ ವೈರು ಸುಡದ ಹಾಗೆ ಕಾಯಲಿಕ್ಕೆ. 16 ಆಂಪ್ ಅಂದ್ರೆ 16,000 ಮಿಲಿಆಂಪ್. ಸಿ ಕರ್ವ್ ಅನ್ನೋ ನಮೂನೆಯ 16 ಆಂಪಿನದ್ದು ತಟ್ಟನೆ ಬೀಳಬೇಕಾದ್ರೆ 80ರಿಂದ 160 ಆಂಪ್ ಹರಿಯಬೇಕು. ಮನುಷ್ಯನ ಎದೆ ಹಾದು 100 ಮಿಲಿಆಂಪ್ ಹೋದರೆ ಜೀವ ಹೋಗಬಹುದು, ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ ಇರೋದು ಮನುಷ್ಯರಿಗೆ. 100, 300 ಎಲ್ಲ ಬೆಂಕಿ ತಡೆಯೋಕೆ ಹಾಕೋದು. ಆ ಹುಡುಗ ಹೇಳಿದ್ದು ಕೆಮ್ಮು ನಿಲ್ಲಲಿ ಅಂತ ಬಾಯಿ ಕಟ್ಟಿದ ಹಾಗೆ. ಎರಡು ವರ್ಷ ಏನೂ ಆಗಿಲ್ಲ ಅಂದ್ರೆ ಎರಡು ವರ್ಷ ನಿಮ್ಮ ಅದೃಷ್ಟ ಚೆನ್ನಾಗಿತ್ತು, ಅಷ್ಟೇ.

ಈಗ ಆಫ್ ಆದ ಓವನ್ ಯಾಕೆ ಜುಮ್ ಅಂತು?

ಆರಿಸೋದು ಬೇರೆ, ಬಿಡಿಸೋದು ಬೇರೆ. ನಮ್ಮ ಮನೆಗಳ ಮಾಮೂಲಿ ಸ್ವಿಚ್ಚು ಒಂದೇ ವೈರನ್ನು ಕತ್ತರಿಸುತ್ತೆ. ಅದು ಕರೆಂಟ್ ತರೋ ಫೇಸ್ ಆಗಿರಬೇಕು. ವಾಪಸು ಒಯ್ಯೋ ನ್ಯೂಟ್ರಲ್ ಸ್ವಿಚ್ಚಿಗೆ ಬರೋದೇ ಇಲ್ಲ, ನೇರ ಸಾಕೆಟ್ಟಿಗೆ ಹೋಗುತ್ತೆ. ಯಾರೋ ಫೇಸು ನ್ಯೂಟ್ರಲ್ ಅದಲು ಬದಲು ಮಾಡಿದ್ರು ಅನ್ನಿ. ಸ್ವಿಚ್ ಆಫ್ ಮಾಡಿದಾಗ ನ್ಯೂಟ್ರಲ್ ಕತ್ತರಿಸ್ತು, ಓವನ್ ನಿಂತಿತು, ದೀಪ ಆರಿತು, ನೀವು ಆಫ್ ಅಂದ್ಕೊಂಡ್ರಿ. ಒಳಗೆ ಬಿಸಿ ಮಾಡೋ ಕಾಯಿಲಿನವರೆಗೂ 230 ವೋಲ್ಟ್ ಹಾಗೇ ಕೂತಿದೆ. ಉಣುಗೋಲು ಹಾಕಿ ಬೇಲಿ ಬಿಟ್ಟ ಹಾಗೆ, ದನ ಆ ಕಡೆಯಿಂದ ಬರುತ್ತೆ.

ಇದು ಅರ್ಧ. ಫೇಸ್ ಒಳಗಿದ್ದ ಮಾತ್ರಕ್ಕೆ ಹಿಡಿಗೆ ಬರಬಾರದು. ಕಾಯಿಲಿನ ತಂತಿ ಸುತ್ತ ಒಂದು ಬಿಳಿ ಪುಡಿ ತುಂಬಿರ್ತಾರೆ, ಮೆಗ್ನೀಸಿಯಂ ಆಕ್ಸೈಡ್. ಶಾಖ ಬಿಡುತ್ತೆ, ಕರೆಂಟ್ ಬಿಡಲ್ಲ. ಆದರೆ ಅದಕ್ಕೆ ತೇವ ಹೀರೋ ಗುಣ. ನಾಲ್ಕು ತಿಂಗಳು ಬಟ್ಟೆ ಒಣಗದ ನಮ್ಮೂರಲ್ಲಿ, ಓವನ್ ವಾರಗಟ್ಟಲೆ ಹಚ್ಚದೇ ಬಿಟ್ಟರೆ ಕಾಯಿಲಿನ ತುದಿಯಿಂದ ಒಳಗೆ ಥಂಡಿ ಸೇರುತ್ತೆ, ಆಗ ಸ್ವಲ್ಪ ಕರೆಂಟು ಓವನ್ನಿನ ಲೋಹದ ಮೈಗೆ ಸೋರುತ್ತೆ. ಹುಡುಗ ಹೇಳಿದ "ಥಂಡಿ" ಸುಳ್ಳಲ್ಲ. ಆದರೆ ಸೋರಿದ್ದು ಅರ್ಥ್ ವೈರಲ್ಲಿ ಇಳಿದು ಹೋಗಬೇಕು. ನಿಮಗೆ ಜುಮ್ ಅಂತಿದೆ ಅಂದ್ರೆ ಓವನ್ನಿಗೆ ಅರ್ಥ್ ಸಿಕ್ಕಿಲ್ಲ. ನಿಮ್ಮ ಅತ್ತೆಯೇ ಅರ್ಥ್ ವೈರು ಆದ್ರು.

ಟೆಸ್ಟರ್ ಹಿಡಿದು ನೀವೇ ನೋಡಲಿಕ್ಕೆ ಹೋಗಬೇಡಿ. ಆ ಕೆಂಪು ದೀಪ ಹತ್ತದಿದ್ರೆ ಕರೆಂಟಿಲ್ಲ ಅಂತ ಅಲ್ಲ. ನಾನು 38 ವರ್ಷ ಕೆಲಸ ಮಾಡಿದವನು, ಇವತ್ತಿಗೂ ಮೊದಲು ಕರೆಂಟ್ ಇರೋ ಕಡೆ ಹಿಡಿದು ಮೀಟರ್ ಸರಿ ಇದೆಯಾ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ತಿರುಗಿ ಮೊದಲಿನ ಜಾಗದಲ್ಲಿ ನೋಡ್ತೀನಿ. ಬಾಕಿ ಕೆಲಸ ಲೈಸೆನ್ಸ್ ಇರೋ ಕಂಟ್ರಾಕ್ಟರಿಂದ ಮಾಡಿಸಿ.

ಇನ್ನು ಆರ್‌ಸಿಸಿಬಿ ಬೀಳೋದು. ಒಂದು ಪರೀಕ್ಷೆ ಹೇಳ್ತೀನಿ, ಯಾವ ಪೆಟ್ಟಿಗೆಯನ್ನೂ ಬಿಚ್ಚದೆ ಮಾಡಬಹುದು. ಅಡುಗೆಮನೆಯ ಎಲ್ಲಾ ಸ್ವಿಚ್ ಆಫ್ ಮಾಡಿ, ಪ್ಲಗ್ ಹಾಗೇ ಇರಲಿ. ಇಂಡಕ್ಷನ್ ಒಂದರ ಮೇಲೆ ನೀರಿಟ್ಟು ಪೂರ್ತಿ ಜೋರು ಕೊಡಿ. ಬೀಳುತ್ತಾ? ಬಿದ್ರೆ ಒಂದೊಂದೇ ಪ್ಲಗ್ ಕಿತ್ತು ಮತ್ತೆ ಮಾಡಿ. ಸ್ವಿಚ್ ಆಫ್ ಮಾಡಿದ್ದು ಸಾಲಲ್ಲ, ಪ್ಲಗ್ಗೇ ಕೀಳಬೇಕು. ಯಾಕೆ ಅಂತ ಫಲ ಬಂದ ಮೇಲೆ ಹೇಳ್ತೀನಿ.

ಯಾವ ಸ್ವಿಚ್ಚು ಅಂತ ಕೇಳಿದ್ರಿ. ಡಿಪಿ ಸ್ವಿಚ್ಚು. ಡಬಲ್ ಪೋಲ್. ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕತ್ತರಿಸುತ್ತೆ, ಗೀಸರಿಗೆ ಏಸಿಗೆ ಹಾಕ್ತಾರಲ್ಲ, ಕೆಂಪು ದೀಪ ಇರೋದು. ನಿಮ್ಮ ಓವನ್ನಿನ ಪುಸ್ತಕ ತೆಗೆದು ನೋಡಿ. ಕಪಾಟಿನೊಳಗೆ ಕೂರೋ ಓವನ್‌ಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರ್ತಾರೆ: ಎಲ್ಲಾ ಪೋಲ್ ಬಿಡಿಸೋ, ಕಾಂಟ್ಯಾಕ್ಟ್ ನಡುವೆ 3 ಮಿ.ಮೀ. ಅಂತರ ಇರೋ ಸಾಧನ ಗೋಡೆಯ ವೈರಿಂಗಲ್ಲಿ ಇರಬೇಕು ಅಂತ. ಫಿಟ್ ಮಾಡೋ ಹುಡುಗರಲ್ಲಿ ಒಬ್ಬನೂ ಆ ಪುಟ ತೆರೆದದ್ದು ನಾನು ನೋಡಿಲ್ಲ.

ಓವನ್ 2,900 ವ್ಯಾಟ್ ಅಂದ್ರೆ 230ರಿಂದ ಭಾಗಿಸಿ, ಹನ್ನೆರಡೂವರೆ ಆಂಪ್ ಚಿಲ್ಲರೆ. 20 ಆಂಪಿನ ಡಿಪಿ, ಮೇನ್ ಬೋರ್ಡಿಂದ ಪ್ರತ್ಯೇಕ 4 ಚದರ ಮಿ.ಮೀ. ವೈರು, ಜಗಲಿಯಿಂದ ದೂರ ಇದೆಯಲ್ಲ ಅದಕ್ಕೆ. ಪಾತ್ರೆ ಮಿಷನ್ನಿಗೂ 20ರ ಡಿಪಿ, ಅದಕ್ಕೆ 2.5 ವೈರು ಸಾಕು, 16ರ ಎಂಸಿಬಿ. ಚಿಮಣಿಗೆ ಇಷ್ಟೆಲ್ಲ ಬೇಡ, ಆದರೆ ಸ್ವಿಚ್ಚು ಕೈಗೆ ಎಟಕಲಿ, ಚಿಮಣಿಯ ತಲೆ ಮೇಲೆ ಅಲ್ಲ. ಮಿಕ್ಸಿ ಗ್ರೈಂಡರ್ ಪ್ಲಗ್ ಕಣ್ಣೆದುರಿಗೇ ಇರುತ್ತೆ, ಕಿತ್ತರೆ ಆಯ್ತು. ಪ್ಲಗ್ಗಿಗಿಂತ ಒಳ್ಳೆ ಬಿಡಿಸೋ ಸಾಧನ ಇಲ್ಲ. ಗುಡುಗು ಮಿಂಚಿನ ಏಪ್ರಿಲ್, ಮೇ ತಿಂಗಳಲ್ಲಂತೂ ಸ್ವಿಚ್ ಆಫ್ ಮಾಡಿ ನೆಮ್ಮದಿಯಾಗಿ ಮಲಗಬೇಡಿ. ಮುಗಿಲಿಂದ ಇಳಿದದ್ದು ಸ್ವಿಚ್ಚಿನೊಳಗಿನ ಅಷ್ಟಗಲದ ಗಾಳಿಯನ್ನು ಹಾರದೆ ಬಿಡುತ್ತಾ?

ಜಾಗ: ಡಿಪಿ ಸ್ವಿಚ್ಚುಗಳು ಕಟ್ಟೆಯ ಮೇಲೆ, ಸಾಲಾಗಿ. ಒಲೆಯ ನೇರ ಹಿಂದೆ ಬೇಡ, ಎಣ್ಣೆಗೆ ಬೆಂಕಿ ಹತ್ತಿದಾಗ ಅದರ ಮೇಲಿಂದ ಕೈ ಚಾಚುವ ಹಾಗಾಗಬಾರದು. ಸಿಂಕಿಂದಲೂ ದೂರ. ಸಾಕೆಟ್ ಮಾತ್ರ ಕೆಳಗೆ, ಅದೂ ಮಿಷನ್ನಿನ ಬೆನ್ನ ಹಿಂದೆ ಅಲ್ಲ, ಪಕ್ಕದ ಖಾನೆಯಲ್ಲಿ, ಬಾಗಿಲು ತೆರೆದು ಕೈ ಹಾಕಿದ್ರೆ ಪ್ಲಗ್ ಸಿಗಬೇಕು. ವೈರು ಹೋಗಲಿಕ್ಕೆ ಕಪಾಟಿನ ಹಲಗೆಯಲ್ಲಿ ತೂತು ಕೊರೆದ್ರೆ ಆಯ್ತು.

---

ಕಾಳುಮೆಣಸು, ಲೆಸ್ಟರ್

ನಾನು ಮೂಲ ಪೊನ್ನಂಪೇಟೆ, ಇಲ್ಲಿ ನರ್ಸ್. ಇಂಗ್ಲೆಂಡಿನ ಈ ಬಾಡಿಗೆ ಮನೆಗೆ ಬಂದಾಗ ಅಡುಗೆಮನೆ ಗೋಡೆಯಲ್ಲಿ ಒಂದೇ ಚೌಕಟ್ಟಿನಲ್ಲಿ ಆರು ಪುಟ್ಟ ಸ್ವಿಚ್ಚು ನೋಡಿ ಇದೇನು ವಿಮಾನದ ಥರ ಅಂದ್ಕೊಂಡೆ. ಪ್ರತಿಯೊಂದರ ಮೇಲೂ ಹೆಸರು ಅಚ್ಚು ಹಾಕಿದೆ: ಫ್ರಿಜ್, ಓವನ್, ಪಾತ್ರೆ ಮಿಷನ್, ಬಟ್ಟೆ ಮಿಷನ್, ಚಿಮಣಿ. ಗ್ರಿಡ್ ಸ್ವಿಚ್ ಅಂತಾರೆ, ಒಳಗಿರೋದು 20 ಆಂಪಿನ ಡಬಲ್ ಪೋಲ್. ದೊಡ್ಡ ಒಲೆಗೆ ಬೇರೆಯೇ, ಅಂಗೈಯಗಲದ ಕೆಂಪು ಸ್ವಿಚ್ಚು. ಒಂದು ಸಲ ಬಟ್ಟೆ ಮಿಷನ್ನಿಂದ ನೀರು ಹೊರಗೆ ಹರಿದಾಗ ಕಾಲು ಒದ್ದೆ ಮಾಡ್ಕೊಳ್ಳದೆ ಮೇಲಿಂದಲೇ ಆಫ್ ಮಾಡಿದೆ. ಏಲಕ್ಕಿಮನೆಯವರು ಅಂಥದ್ದೇ ಒಂದು ಫಲಕ ಹಾಕಿಸಬಹುದಲ್ವಾ? ರಜೆಗೆ ಬರುವಾಗ ತಂದುಕೊಡ್ತೀನಿ ಬೇಕಾದ್ರೆ.

---

ಹಳೇ ವೈರ್‌ಮನ್, ಗೋಣಿಕೊಪ್ಪ

ತಂಗಿ, ಫಲಕದ ಯೋಚನೆ ಬಹಳ ಒಳ್ಳೇದು, ಹೆಸರು ಬರೆಯೋದಂತೂ ಬಂಗಾರದಂಥಾ ಅಭ್ಯಾಸ. ಆದರೆ ಅಲ್ಲಿಂದ ಸಾಮಾನು ಹೊತ್ತು ತರೋದು ಬೇಡ. ಅಲ್ಲಿಯ ಲೆಕ್ಕವೇ ಬೇರೆ. ನಿಮ್ಮ ಆ ದಪ್ಪ ಚೌಕ ಪಿನ್ನಿನ ಪ್ಲಗ್ ಬಿಚ್ಚಿ ನೋಡಿ, ಒಳಗೆ 3 ಅಥವಾ 13 ಆಂಪಿನ ಫ್ಯೂಸ್ ಇರುತ್ತೆ. 1947ರ ಬ್ರಿಟಿಷ್ ಸ್ಟ್ಯಾಂಡರ್ಡ್ 1363ರಿಂದ ನಡೆದು ಬಂದದ್ದು. ಅದಕ್ಕೇ ಅವರು 32 ಆಂಪಿನ ಒಂದೇ ಲೈನನ್ನು ಬಳೆಯ ಹಾಗೆ ಸುತ್ತಿಸಿ ಮನೆಯ ಸಾಕೆಟ್ಟಿಗೆಲ್ಲ ಕೊಡ್ತಾರೆ. ನಮ್ಮ 6, 16 ಆಂಪಿನ ಪ್ಲಗ್ಗಲ್ಲಿ ಫ್ಯೂಸೇ ಇಲ್ಲ. ನಮ್ಮಲ್ಲಿ ಸಾಕೆಟ್ಟನ್ನೂ ವೈರನ್ನೂ ಕಾಯೋದು ಬೋರ್ಡಿನ ಎಂಸಿಬಿ ಒಂದೇ. ಅಲ್ಲಿನ ಹಾಗೆ ಒಂದು ದಪ್ಪ ಲೈನಿಂದ ಆರು ಸ್ವಿಚ್ಚಿಗೆ ಕವಲು ಹೊಡೆದು, ತುದಿಗೆ 6 ಆಂಪಿನ ಸಾಕೆಟ್ ಕೂರಿಸಿದ್ರೆ ಎಂಸಿಬಿ ಬೀಳೋ ಮೊದಲು ಸಾಕೆಟ್ ಕರಗುತ್ತೆ. ದೊಡ್ಡ ಮಿಷನ್ನಿಗೆ ಬೋರ್ಡಿಂದಲೇ ಅದರದ್ದೇ ಲೈನು. ಇಲ್ಲಿಯ ಮಾಡ್ಯುಲರ್ ಪ್ಲೇಟಲ್ಲೇ ಡಿಪಿ ಸ್ವಿಚ್ ಸಾಲಾಗಿ ಕೂರುತ್ತೆ, ಕಂಪನಿ ಯಾವುದಾದರೂ ಐಎಸ್‌ಐ ಗುರುತು ನೋಡಿ ತಗೊಳ್ಳಿ.

---

ಏಲಕ್ಕಿಮನೆ, ನಾಪೋಕ್ಲು

ಪರೀಕ್ಷೆ ಮಾಡಿದೆ. ಎಲ್ಲಾ ಸ್ವಿಚ್ ಆಫ್, ಇಂಡಕ್ಷನ್ ಮೇಲೆ ನೀರು, 2,000ಕ್ಕೆ ಏರಿಸಿದ ಕೂಡಲೇ ಟಪ್! ಮಿಕ್ಸಿ ಪ್ಲಗ್ ಕಿತ್ತೆ, ಟಪ್. ಗ್ರೈಂಡರ್, ಟಪ್. ಫ್ರಿಜ್ ಪ್ಲಗ್ಗನ್ನೂ ಕಿತ್ತೆ, ಅದರ ಮೇಲೆ ನನಗೆ ಅನುಮಾನ ಇತ್ತು, ಆಗಲೂ ಟಪ್. ಏಣಿ ಹತ್ತಿ ಚಿಮಣಿದು. ಊಹೂಂ. ಪ್ರತಿ ಸಲ ಜಗಲಿಗೆ ಹೋಗಿ ಏರಿಸಿ ಬರಬೇಕು, ಐದು ಸಲ ಅಂಗಳ ದಾಟಿದೆ. ನಮ್ಮ ನಾಯಿ ಮೊದಲ ಮೂರು ಸಲ ಜೊತೆಗೆ ಬಂತು, ಆಮೇಲೆ ಅದಕ್ಕೂ ಬೇಜಾರಾಯ್ತು.

ಉಳಿದದ್ದು ಪಾತ್ರೆ ಮಿಷನ್. ಅದು ಎರಡು ತಿಂಗಳಿಂದ ಆಫ್ ಇದೆ, ಅದಲ್ಲ ಅಂತ ಯಜಮಾನರ ವಾದ. ಭಾನುವಾರ ಮೇನ್ ಇಳಿಸಿ, ಬಡಗಿಯನ್ನು ಕರೆಸಿ, ಕೆಳಗಿನ ಪಟ್ಟಿ ಬಿಚ್ಚಿ, ಮಿಷನ್ನನ್ನೇ ಹೊರಗೆಳೆಸಿದೆ.

ಹಿಂದೆ ಇಲಿ ಗೂಡು. ಒಣಗಿದ ಕಾಫಿ ಸಿಪ್ಪೆ, ಹರಿದ ಗೋಣಿ ನಾರು, ಮಗಳ ಒಂದು ಕಾಲುಚೀಲ (ಜೂನಲ್ಲಿ ಅದಕ್ಕಾಗಿ ಅವಳಿಗೆ ಬೈದಿದ್ದೆ). ಮಿಷನ್ನಿನ ಬಿಳಿ ವೈರನ್ನು ಗೂಡಿನ ಪಕ್ಕದಲ್ಲಿ ಮೂರು ಬೆರಳಗಲ ಕೆರೆದು ತಿಂದಿದೆ. ಹೊರಗಿನ ಸಿಪ್ಪೆ ಹೋಗಿ ಒಳಗಿನ ನೀಲಿ ವೈರಿನ ತಾಮ್ರ ಹೊಳೀತಿತ್ತು, ಹಸಿರು ಹಳದಿ ವೈರಿನದ್ದೂ ಅಲ್ಲಲ್ಲಿ. ಎರಡೂ ಒಂದಕ್ಕೊಂದು ಒತ್ತಿಕೊಂಡು, ಮೇಲೆ ಇಲಿ ಉಚ್ಚೆಯ ಪಸೆ. ಕಂದು ವೈರಿಗೆ ಹಲ್ಲಿನ ಗುರುತು ಮಾತ್ರ. ಸಾಕೆಟ್ಟಿನ ಒಂದು ತೂತು ಕಾಫಿ ಬಣ್ಣಕ್ಕೆ ತಿರುಗಿ ಉಬ್ಬಿದೆ, ಜೂನಿನ ವಾಸನೆ ಅದರದ್ದೇ ಇರಬೇಕು. ಪ್ಲಗ್ ಕಿತ್ತು ಮೇನ್ ಏರಿಸಿ ಇಂಡಕ್ಷನ್ ಹಚ್ಚಿದೆ. ಬೀಳಲಿಲ್ಲ. ನೀರು ಕುದ್ದು ಅರ್ಧ ಆಗೋವರೆಗೂ ನೋಡ್ತಾ ನಿಂತಿದ್ದೆ.

ಆದರೆ ಆಫ್ ಇದ್ದ ಮಿಷನ್ ಹೇಗೆ ಬೀಳಿಸ್ತಿತ್ತು ಅನ್ನೋದು ಇನ್ನೂ ತಲೆಗೆ ಹೋಗ್ತಿಲ್ಲ.

---

ಹಳೇ ವೈರ್‌ಮನ್, ಗೋಣಿಕೊಪ್ಪ

ನನ್ನ ಅನುಮಾನ ಅದೇ ಇತ್ತು. ಆಫ್ ಆಗಿದ್ದದ್ದು ಫೇಸು ಮಾತ್ರ. ನ್ಯೂಟ್ರಲ್ ಸ್ವಿಚ್ಚಿನ ಹಂಗಿಲ್ಲದೆ ಮಿಷನ್ನಿನವರೆಗೂ ಹೋಗಿ, ಇಲಿ ತಿಂದ ಜಾಗದಲ್ಲಿ ಅರ್ಥಿಗೆ ತಾಗಿತ್ತು. (ಮಿಷನ್ ವೈರಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್. ಗೋಡೆಯ ವೈರಿಂಗಲ್ಲಿ ನ್ಯೂಟ್ರಲ್ ಕಪ್ಪು.)

ಆರ್‌ಸಿಸಿಬಿ ಮಾಡೋ ಕೆಲಸ ಒಂದೇ: ಹೋದಷ್ಟು ಕರೆಂಟು ತನ್ನ ಮೂಲಕವೇ ವಾಪಸು ಬಂತಾ ಅಂತ ತೂಗೋದು. ಫೇಸಲ್ಲಿ ಹೋದ 9 ಆಂಪಲ್ಲಿ ಎಲ್ಲಾ ನ್ಯೂಟ್ರಲ್ಲಲ್ಲೇ ಬಂದ್ರೆ ಸುಮ್ಮನಿರುತ್ತೆ. ನಿಮ್ಮಲ್ಲಿ ಇಂಡಕ್ಷನ್ನಿಂದ ವಾಪಸು ಬರ್ತಿದ್ದ ಕರೆಂಟಿನ ಒಂದು ಎಳೆ ಪಾತ್ರೆ ಮಿಷನ್ನಿನ ವೈರು ಹಿಡಿದು ಅರ್ಥ್ ಗುಂಡಿಗೆ ಇಳೀತಿತ್ತು. 30 ಮಿಲಿಆಂಪ್ ತಪ್ಪಿದ್ರೂ ಬೀಳಬೇಕು, ನಿಜಕ್ಕೂ 15 ದಾಟಿದ ಮೇಲೆ ಯಾವಾಗ ಬೇಕಾದ್ರೂ ಬೀಳಬಹುದು. ಅದಕ್ಕೇ ಜೋರು ಲೋಡ್ ಕೊಟ್ಟಾಗ ಮಾತ್ರ ಟಪ್ ಅಂದದ್ದು. ಮನೆಯಲ್ಲಿ ಯಾರೂ ಇಲ್ಲದಾಗ ಬಿದ್ದದ್ದಕ್ಕೂ ಇದೇ ಉತ್ತರ. ತೋಟದ ಉದ್ದ ಲೈನಿನಲ್ಲಿ ನ್ಯೂಟ್ರಲ್ ಅಂದ್ರೆ ಪೂರ್ತಿ ಸೊನ್ನೆ ಅಲ್ಲ, ಅಕ್ಕಪಕ್ಕದವರ ಕರೆಂಟೂ ಅದರಲ್ಲೇ ಹರಿಯೋದರಿಂದ ಕೆಲವು ವೋಲ್ಟ್ ಏರಿ ಇಳೀತಿರುತ್ತೆ. ಅಷ್ಟು ಸಾಕು. ಮಾಂಸ ಕೆಡಿಸಿದ್ದು ಯಾರದ್ದೋ ಪಂಪ್‌ಸೆಟ್ ಇರಬಹುದು!

ಡಿಪಿ ಸ್ವಿಚ್ ಇದ್ದಿದ್ರೆ ಯಜಮಾನರು ಜೂನಲ್ಲಿ ಆಫ್ ಮಾಡಿದ ದಿನವೇ ನ್ಯೂಟ್ರಲ್ಲೂ ಬಿಡ್ತಿತ್ತು. ಸೆಪ್ಟೆಂಬರಲ್ಲಿ ಮಾಂಸ ತಿಂತಿದ್ರಿ.

ಆ ವೈರಿಗೆ ಟೇಪ್ ಸುತ್ತಬೇಡಿ, ಪೂರ್ತಿ ಬದಲಾಯಿಸಿ. ಸಾಕೆಟ್ ಸುಟ್ಟದ್ದು ಸ್ಕ್ರೂ ಸಡಿಲ ಇದ್ದು ಲೋಡು ಜಾಸ್ತಿ ಆಗಿ. ಅದೇ ಲೈನಲ್ಲಿ ಇಂಡಕ್ಷನ್ನೂ ಮಿಕ್ಸಿಯೂ ಇದ್ರೆ ಪಾತ್ರೆ ಮಿಷನ್ 2,000, ಇಂಡಕ್ಷನ್ 2,000, ಮಿಕ್ಸಿ 750 ವ್ಯಾಟ್, ಒಟ್ಟು ಇಪ್ಪತ್ತು ಆಂಪ್ ದಾಟ್ತು. ಎಂಸಿಬಿ ಎಷ್ಟರದ್ದು ಹಾಕಿದಾನೆ ನೋಡಿ, 32 ಇದ್ರೂ ನನಗೆ ಆಶ್ಚರ್ಯ ಇಲ್ಲ.

ಫ್ರಿಜ್ಜಿಗೆ ಮಾತ್ರ ಬೇರೆಯೇ ಒಂದು ಆರ್‌ಸಿಬಿಒ ಹಾಕಿಸಿ, ಎಂಸಿಬಿ ಆರ್‌ಸಿಸಿಬಿ ಎರಡೂ ಸೇರಿದ್ದು. ಆದರೆ ಅದರ ಲೈನು ಈಗಿನ ಆರ್‌ಸಿಸಿಬಿಯ ಮೊದಲೇ ಕವಲೊಡೀಬೇಕು, ನ್ಯೂಟ್ರಲ್ ಕೂಡಾ. ಇಲ್ಲಾಂದ್ರೆ ಇದು ಬಿದ್ರೆ ಅದೂ ಸತ್ತಂತೆ.

---

ಕಿತ್ತಳೆಸಿಪ್ಪೆ, ಸೋಮವಾರಪೇಟೆ

ಒಂದು ಮಧ್ಯೆ ಪ್ರಶ್ನೆ. ನಮ್ಮಲ್ಲಿ ಇನ್ವರ್ಟರ್ ಹಾಕಿಸಿದ ದಿನದಿಂದ ಆರ್‌ಸಿಸಿಬಿ ನಿಲ್ತಾನೇ ಇಲ್ಲ. ಇದೂ ಇಲಿಯಾ?

---

ಹಳೇ ವೈರ್‌ಮನ್, ಗೋಣಿಕೊಪ್ಪ

ಅದು ಎರಡು ಕಾಲಿನ ಇಲಿ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನೂ ಮೇನ್ ನ್ಯೂಟ್ರಲ್ಲನ್ನೂ ಯಾವುದೋ ಪೆಟ್ಟಿಗೆಯಲ್ಲಿ ಒಂದೇ ಗಂಟಿಗೆ ಸುತ್ತಿದಾರೆ. ಫೇಸ್ ಒಂದು ದಾರಿಯಲ್ಲಿ ಹೋಗಿ ನ್ಯೂಟ್ರಲ್ ಇನ್ನೊಂದು ದಾರಿಯಲ್ಲಿ ಬಂದ್ರೆ ಆರ್‌ಸಿಸಿಬಿಗೆ ಲೆಕ್ಕ ತಪ್ಪುತ್ತೆ. ಇನ್ವರ್ಟರ್ ಲೈನಿಗೆ ನ್ಯೂಟ್ರಲ್ ಪ್ರತ್ಯೇಕ ಎಳೆಸಿ.

---

ಏಲಕ್ಕಿಮನೆ, ನಾಪೋಕ್ಲು

ಎಲ್ಲರಿಗೂ ಏನಾಯ್ತು ಅಂತ ಹೇಳಿ ಮುಗಿಸ್ತೀನಿ.

ಮಡಿಕೇರಿಯಿಂದ ಲೈಸೆನ್ಸ್ ಇರೋ ಒಬ್ಬರು ಬಂದರು. ಓವನ್ ಬೋರ್ಡ್ ಬಿಚ್ಚಿ ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹಳೇ ಮನೆಯಿಂದ ಓವನ್ನಿಗೆ ಎಳೆದ ಲೈನು ಮೂರನೇ ಫೇಸಿಂದು, ವೈರು ನೀಲಿ ಬಣ್ಣದ್ದು. ಕೆಂಪು, ಹಳದಿ, ನೀಲಿ ಅಂತ ಫೇಸಿಗೇ ನೀಲಿ ಇರುತ್ತಂತೆ. ಕಪಾಟಿನ ಹುಡುಗರಿಗೆ ಓವನ್ನಿನ ಸ್ವಂತ ವೈರಲ್ಲಿ ನೀಲಿ ನ್ಯೂಟ್ರಲ್ ಅಂತ ಗೊತ್ತಿತ್ತು. ಹಾಗಾಗಿ ಗೋಡೆಯ ನೀಲಿಯನ್ನೂ ನ್ಯೂಟ್ರಲ್ ಅಂದ್ಕೊಂಡು ನೇರ ಸಾಕೆಟ್ಟಿಗೆ ಕೊಟ್ಟು, ಕಪ್ಪನ್ನು ಸ್ವಿಚ್ಚಿಗೆ ಹಾಕಿದಾರೆ. ಓವನ್ ಬಿಸಿ ಆಯ್ತು, ಕೆಲಸ ಮುಗೀತು. ಹಸಿರು ವೈರು ಪೆಟ್ಟಿಗೆಯ ಮೂಲೆಯಲ್ಲಿ ಸಿಪ್ಪೆಯನ್ನೂ ಬಿಡಿಸದೆ ಮಡಚಿ ಇಟ್ಟಿತ್ತು. ವೈರ್‌ಮನ್ ಅಣ್ಣ ಇಲ್ಲಿ ಕೂತೇ ಹೇಳಿದ ಎರಡೂ ಮಾತು ಹಾಗೇ ಇತ್ತು. ಎಂಸಿಬಿಯೂ ಅವರು ಹೇಳಿದ್ದೇ, 32.

ಈಗ ಕಟ್ಟೆಯ ಮೇಲೆ ಕಿಟಕಿ ಪಕ್ಕ ಮೂರು ಡಿಪಿ ಸ್ವಿಚ್ಚು: ಓವನ್, ಪಾತ್ರೆ ಮಿಷನ್, ಇಂಡಕ್ಷನ್. ಚಿಮಣಿಯದ್ದು ಮಾಮೂಲಿ. ಅಡುಗೆಮನೆಗೇ ಒಂದು ಸಣ್ಣ ಬೋರ್ಡು, ಇನ್ನು ಅಂಗಳ ದಾಟಬೇಕಾಗಿಲ್ಲ. ಮಗಳು ಬಿಳಿ ಕಾಗದದ ಮೇಲೆ ಹೆಸರು ಬರೆದು ಅಂಟಿಸಿದಾಳೆ. ಫ್ರಿಜ್ ಸ್ವಿಚ್ಚಿನ ಮೇಲೆ "ಮುಟ್ಟಿದ್ರೆ ಊಟ ಇಲ್ಲ" ಅಂತ ಬರೆದಿದಾಳೆ, ಹೋದ ತಿಂಗಳು ರೂಮಿಗೆ ಬಂದವರೊಬ್ಬರು ಮೊಬೈಲ್ ಚಾರ್ಜ್ ಮಾಡ್ಲಿಕ್ಕೆ ಅದರ ಪ್ಲಗ್ಗನ್ನೇ ಕಿತ್ತಿದ್ದರು.

ಆ ಇಲೆಕ್ಟ್ರಿಷಿಯನ್ ಹೋಗೋ ಮುಂಚೆ ಓವನ್ನನ್ನು ಸಣ್ಣ ಉರಿಯಲ್ಲಿ ಒಂದು ಗಂಟೆ ಖಾಲಿ ಓಡಿಸಿ ಕಾಯಿಲಿನ ಥಂಡಿ ತೆಗೆಸಿದರು. ಮೀಟರಲ್ಲಿ ಸೋರಿಕೆ ಇಳಿದದ್ದನ್ನು ಅತ್ತೆಗೂ ತೋರಿಸಿದರು. ಅತ್ತೆ ತಲೆ ಆಡಿಸಿದರು. ಆದರೂ ಇವತ್ತು ಬೆಳಿಗ್ಗೆ ನೋಡಿದೆ, ಓವನ್ ಒರೆಸೋ ಮೊದಲು ಸಿಂಕಿಂದ ಒಂದು ಹೆಜ್ಜೆ ಹಿಂದೆ ಸರಿದು, ಅಂಗೈಯ ಹಿಂಬದಿಯಿಂದ ಮೆಲ್ಲಗೆ ಒಮ್ಮೆ ತಟ್ಟಿ ನೋಡ್ತಾರೆ.

---

ಘಾಟಿರಸ್ತೆ, ಸಂಪಾಜೆ

ಇಲಿಗೆ ಎಂತ ಮಾಡಿದ್ರಿ?

---

ಏಲಕ್ಕಿಮನೆ, ನಾಪೋಕ್ಲು

ಕಪಾಟಿನ ತಳಕ್ಕೆ ಜಾಲರಿ ಹೊಡೆಸಿದೆ. ನೀವು ಆರ್‌ಸಿಸಿಬಿ ಹಾಕಿಸಿದ್ರಾ?

---

ಘಾಟಿರಸ್ತೆ, ಸಂಪಾಜೆ

ನಾಳೆ ಜನ ಬರ್ತಾರೆ ಅಂತ ಹೇಳಿದ್ದಾರೆ.